ಟೋಪಿಯ ಬಿಲ್ಲೆ ಹೇಳುವುದೆಷ್ಟು

ಯುದ್ಧವು ಮುಗಿದು ಸೈನ್ಯಗಳು ಚದರಿಹೋದ ಮೇಲೆ ಉಳಿಯುವ ವಸ್ತುಗಳಲ್ಲಿ ಅತ್ಯಂತ ಚಿಕ್ಕದೂ ಅತ್ಯಂತ ದೂರ ಸಂಚರಿಸುವಂಥದೂ ಸಿಪಾಯಿಯ ಟೋಪಿಯ ಮೇಲಿನ ಲೋಹದ ಬಿಲ್ಲೆ. ಬಂದೂಕನ್ನು ಸರ್ಕಾರವು ಹಿಂದಕ್ಕೆ ಪಡೆಯುತ್ತದೆ, ಸಮವಸ್ತ್ರವನ್ನು ನುಸಿ ತಿನ್ನುತ್ತದೆ, ಬೂಟು ಮಳೆಗಾಲಗಳಲ್ಲಿ ಕೊಳೆಯುತ್ತದೆ. ಆದರೆ ಅಂಗೈಯಲ್ಲಿ ಅಡಗುವ ಈ ಹಿತ್ತಾಳೆಯ ತುಂಡು ಯಾರ ಲೆಕ್ಕಕ್ಕೂ ಸಿಕ್ಕದೆ ಜೇಬಿನಿಂದ ಜೇಬಿಗೆ, ದೇಶದಿಂದ ದೇಶಕ್ಕೆ ಸಾಗಿ, ಕಟ್ಟಕಡೆಗೆ ಯಾರದೋ ಮನೆಯ ಟ್ರಂಕಿನ ತಳದಲ್ಲಿ, ಹಳೆಯ ನಾಣ್ಯಗಳ ಮತ್ತು ಒಡೆದ ಕನ್ನಡಕದ ಜತೆಯಲ್ಲಿ ನೆಲೆಗೊಳ್ಳುತ್ತದೆ. ಎರಡು ಮಹಾಯುದ್ಧಗಳ ಬ್ರಿಟಿಷ್ ಸೇನಾಲಾಂಛನಗಳು ಈ ರೀತಿಯಲ್ಲಿ ಇಂಗ್ಲೆಂಡಿನಲ್ಲಿ ಮಾತ್ರವಲ್ಲದೆ ಬೆಲ್ಜಿಯಂ, ಹಾಲೆಂಡ್, ಇಟಲಿ, ಅಮೆರಿಕ ದೇಶಗಳ ಮನೆಗಳಲ್ಲಿಯೂ, ತಲೆತಲಾಂತರದಿಂದ ಸೈನ್ಯಕ್ಕೆ ಜನರನ್ನು ಕಳುಹಿಸಿದ ನಮ್ಮ ಕೊಡಗಿನಲ್ಲಿಯೂ, ಬೆಂಗಳೂರಿನ ದಂಡುಪ್ರದೇಶದ ಹಳೆಯ ಮನೆಗಳಲ್ಲಿಯೂ ಉಳಿದುಕೊಂಡಿರುವುದುಂಟು. ಅವುಗಳನ್ನು ಓದುವ ಕ್ರಮವೇನು, ಅವುಗಳ ಸಾಕ್ಷ್ಯವನ್ನು ಎಲ್ಲಿಯವರೆಗೆ ನಂಬಬಹುದು ಎಂಬುದೇ ಈ ಬರಹದ ವಿಷಯ.

ಇವು ಇಷ್ಟು ವಿಶಾಲವಾಗಿ ಹರಡಿದುದಕ್ಕೆ ಕಾರಣವುಂಟು. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಪಡೆಗಳು ಫ್ರಾನ್ಸಿನ ಹಳ್ಳಿಗಳ ಮೂಲಕ ನಡೆದುಹೋಗುವಾಗ ಮಕ್ಕಳು ದಾರಿಯ ಇಕ್ಕೆಲಗಳಲ್ಲಿಯೂ ನಿಂತು ನೆನಪಿನ ಕಾಣಿಕೆಯನ್ನು ಬೇಡಿ ಕೈಚಾಚುತ್ತಿದ್ದರು; ಸಿಪಾಯಿಗಳು ಗುಂಡಿಯನ್ನೋ ಬಿಲ್ಲೆಯನ್ನೋ ಕಿತ್ತು ಕೊಡುತ್ತಿದ್ದರು. ಸಿಪಾಯಿಗಳು ತಮ್ಮತಮ್ಮಲ್ಲಿಯೇ ವಿನಿಮಯಮಾಡಿಕೊಂಡು, ಕೈಗೆ ಬಂದ ಬೇರೆಬೇರೆ ಪಟಾಲಂಗಳ ಬಿಲ್ಲೆಗಳನ್ನು ಚರ್ಮದ ಸೊಂಟಪಟ್ಟಿಯ ಉದ್ದಕ್ಕೂ ಕೂರಿಸಿಕೊಳ್ಳುವ ಅಭ್ಯಾಸವೂ ಇತ್ತು. ಅಂತಹ ಪಟ್ಟಿಗಳು ಇಂದಿಗೂ ಸಂಗ್ರಾಹಕರ ಬಳಿ ದೊರೆಯುತ್ತವೆ. ಇವಲ್ಲದೆ, ಯುದ್ಧಕ್ಕೆ ಹೊರಟವನು ಪತ್ನಿಗೋ ತಾಯಿಗೋ ಕೊಟ್ಟುಹೋಗಲೆಂದು ಒಡವೆಯ ಅಂಗಡಿಗಳವರು ಬೆಳ್ಳಿಯಲ್ಲಿ, ಬಂಗಾರದಲ್ಲಿ, ಮುತ್ತಿನ ಚಿಪ್ಪಿನ ಮೇಲೆ ರೆಜಿಮೆಂಟಿನ ಚಿಹ್ನೆಯ ಚಿಕ್ಕ ಪ್ರತಿಕೃತಿಗಳನ್ನು ಮಾಡಿ ಮಾರಿದರು. ಹಿಂಬದಿಯಲ್ಲಿ ಸೀರೆಯ ಪಿನ್ನಿನಂಥ ಸೂಜಿಯಿದ್ದು, ಗಾತ್ರವು ಟೋಪಿಯ ಬಿಲ್ಲೆಗಿಂತ ಚಿಕ್ಕದಾಗಿದ್ದರೆ ಅದು ಬಹುಪಾಲು ಈ ಜಾತಿಯ ಒಡವೆ. ಸಿಪಾಯಿಯ ಮೈಮೇಲೆ ಅದು ಎಂದೂ ಇದ್ದುದಲ್ಲ.

ಆದಕಾರಣ ಮೊದಲಿಗೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಬಿಲ್ಲೆಯು ಪಟಾಲಮಿನ ಹೆಸರನ್ನು ಹೇಳಬಲ್ಲದು. ತಾನು ತಯಾರಾದ ಕಾಲವನ್ನು ಹೇಳಬಲ್ಲದು. ಹಲವು ವೇಳೆ ತಾನು ತಯಾರಾದ ಊರನ್ನೂ ಹೇಳಬಲ್ಲದು. ಅದನ್ನು ಧರಿಸಿದವನು ಯಾರೆಂಬುದನ್ನು ಮಾತ್ರ ಅದು ಹೇಳಲಾರದು. ತಾತನ ಪೆಟ್ಟಿಗೆಯಲ್ಲಿ ಗ್ಲಾಸ್ಟರ್‌ಷೈರ್ ರೆಜಿಮೆಂಟಿನ ಬಿಲ್ಲೆ ಸಿಕ್ಕಿತೆಂದಮಾತ್ರಕ್ಕೆ ತಾತನು ಆ ರೆಜಿಮೆಂಟಿನಲ್ಲಿದ್ದನೆಂದು ನಿರ್ಣಯಿಸುವುದು ತರ್ಕಕ್ಕೆ ಸಲ್ಲದು. ಆ ರೆಜಿಮೆಂಟಿನವನೊಬ್ಬನು ಅವನಿಗೆ ಸ್ನೇಹದಿಂದ ಕೊಟ್ಟಿರುವ ಸಂಭವವೇ ಹೆಚ್ಚು. ವಸ್ತುವನ್ನು ವಸ್ತುವಿನ ಭಾಷೆಯಲ್ಲಿ ಮೊದಲು ಓದಿ, ಮನೆಯ ಐತಿಹ್ಯವನ್ನು ಅನಂತರ ಅದರ ಪಕ್ಕದಲ್ಲಿಟ್ಟು ನೋಡುವುದೇ ಸರಿಯಾದ ಕ್ರಮ.

ಓದಲು ತೊಡಗುವವನ ದೃಷ್ಟಿ ಮೊಟ್ಟಮೊದಲು ಹೋಗಬೇಕಾದುದು ಕಿರೀಟದ ಕಡೆಗೆ. ಬ್ರಿಟಿಷ್ ಲಾಂಛನಗಳಲ್ಲಿ ಬಹುಸಂಖ್ಯೆಯವುಗಳ ನೆತ್ತಿಯಲ್ಲಿ ಕಿರೀಟವಿರುತ್ತದೆ, ಮತ್ತು ಆ ಕಿರೀಟದ ಕಮಾನುಗಳ ಆಕಾರವು ಸಿಂಹಾಸನದ ಮೇಲಿದ್ದವರಿಗನುಸಾರವಾಗಿ ಬದಲಾಗಿದೆ. 1901ರಲ್ಲಿ ವಿಕ್ಟೋರಿಯಾ ರಾಣಿಯು ತೀರಿಕೊಂಡು ಏಳನೆಯ ಎಡ್ವರ್ಡನು ಪಟ್ಟಕ್ಕೆ ಬಂದಂದಿನಿಂದ ಆರನೆಯ ಜಾರ್ಜನು 1952ರಲ್ಲಿ ಕಾಲವಾಗುವವರೆಗೆ ಬಳಕೆಯಲ್ಲಿದ್ದುದು ಟ್ಯೂಡರ್ ಕಿರೀಟ. ಅದರ ಕಮಾನುಗಳು ಬಟ್ಟಲನ್ನು ಕವುಚಿ ಹಾಕಿದಂತೆ ದುಂಡಾಗಿ ಮೇಲೆದ್ದಿರುತ್ತವೆ. ಎರಡನೆಯ ಎಲಿಜಬೆತ್ ರಾಣಿಯ ಕಾಲಕ್ಕೆ, ಎಂದರೆ 1953ರ ಪಟ್ಟಾಭಿಷೇಕದ ಸುಮಾರಿನಿಂದ ಬಂದುದು ಸೇಂಟ್ ಎಡ್ವರ್ಡನ ಕಿರೀಟ. ಇದರ ಕಮಾನುಗಳು ನಡುವೆ ಶಿಲುಬೆಯ ಬುಡದಲ್ಲಿ ಕೆಳಕ್ಕೆ ಬಾಗಿರುತ್ತವೆ. ಈ ಒಂದು ಭೇದವನ್ನು ಗುರುತಿಸಲು ಕಲಿತವನಿಗೆ ಅರ್ಧ ಕೆಲಸ ಮುಗಿದಂತೆಯೇ. ಎರಡನೆಯ ಮಹಾಯುದ್ಧದ ಬಿಲ್ಲೆಯೆಂದು ಮನೆಯಲ್ಲಿ ನಂಬಿಕೊಂಡು ಬಂದಿರುವ ವಸ್ತುವಿನ ಮೇಲೆ ಬಾಗಿದ ಕಮಾನಿನ ಕಿರೀಟವಿದ್ದರೆ ಅದು ಆ ಯುದ್ಧವನ್ನು ಕಂಡುದಲ್ಲ. 1956ರ ಸೂಯೆಜ್ ಪ್ರಸಂಗದ ಕಾಲದ್ದಾಗಿರಬಹುದು, ಅದಕ್ಕೂ ಈಚಿನದಾಗಿರಬಹುದು.

ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ವಿಕ್ಟೋರಿಯಾ ಕಾಲದ ಕಿರೀಟದಲ್ಲಿಯೂ ನಡುವೆ ಕೊಂಚ ಇಳಿತ ಕಾಣುವುದರಿಂದ ಹೊಸಬರು ಅದನ್ನು ಎಲಿಜಬೆತ್ ಕಾಲದ ಕಿರೀಟವೆಂದು ಭ್ರಮಿಸುವುದುಂಟು. 2022ರಲ್ಲಿ ಮೂರನೆಯ ಚಾರ್ಲ್ಸ್ ದೊರೆಯು ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ, ದುಂಡು ಕಮಾನಿನ ಹೊಚ್ಚಹೊಸ ಬಿಲ್ಲೆಗಳು ಕೂಡ ಈಗ ತಯಾರಾಗುತ್ತಿವೆ. ಕಿರೀಟದ ಜತೆಯಲ್ಲಿ ದೊರೆಯ ಅಂಕಿತಾಕ್ಷರಗಳಿದ್ದಲ್ಲಿ ನಿರ್ಣಯವು ಇನ್ನೂ ಸುಲಭ. ರಾಯಲ್ ಎಂಜಿನಿಯರ್ಸ್ ದಳದ ಬಿಲ್ಲೆಯ ನಡುವೆ ಆಳುವ ದೊರೆಯ ಅಕ್ಷರಗಳನ್ನೇ ಹಾಕುತ್ತಿದ್ದರಾದಕಾರಣ ಜಿ ಮತ್ತು ಆರ್ ಅಕ್ಷರಗಳ ನಡುವೆ ರೋಮನ್ ಐದಿದ್ದರೆ 1910ರಿಂದ 1936ರವರೆಗಿನದು, ರೋಮನ್ ಆರಿದ್ದರೆ 1936ರಿಂದ 1952ರವರೆಗಿನದು ಎಂದು ಸಂಶಯವಿಲ್ಲದೆ ಹೇಳಬಹುದು. ಎಂಟನೆಯ ಎಡ್ವರ್ಡನು 1936ರಲ್ಲಿ ಕೆಲವೇ ತಿಂಗಳು ಆಳಿದವನು. ಅವನ ಅಕ್ಷರಗಳುಳ್ಳ ಲಾಂಛನವು ಅತಿವಿರಳ, ಆದ್ದರಿಂದಲೇ ನಕಲಿಗೆ ಆಸ್ಪದವೂ ಹೆಚ್ಚು. ಪಟಾಲಮಿನ ಹೆಸರಿನಲ್ಲಿಯೇ ರಾಜರಾಣಿಯರ ಹೆಸರು ಸೇರಿರುವಾಗ ಮಾತ್ರ ಈ ಲೆಕ್ಕ ತಪ್ಪುತ್ತದೆ. ಬೆಂಗಳೂರನ್ನೇ ನೆಲೆಯಾಗಿ ಹೊಂದಿದ್ದ ಮದರಾಸ್ ಸ್ಯಾಪರ್ಸ್ ದಳವು ವಿಕ್ಟೋರಿಯಾ ರಾಣಿಯು ಗತಿಸಿ ನಾಲ್ಕು ದಶಕಗಳಾದ ಮೇಲೆ, ಎರಡನೆಯ ಮಹಾಯುದ್ಧದಲ್ಲಿಯೂ, ಆಕೆಯ ಹೆಸರನ್ನು ಗೌರವಾರ್ಥವಾಗಿ ಧರಿಸಿಕೊಂಡೇ ಇತ್ತು.

ಕಿರೀಟದಿಂದಲ್ಲದೆ ಬೇರೆ ಚಿತ್ರಗಳಿಂದ ಗುರುತಾಗುವ ಬಿಲ್ಲೆಗಳೂ ಬೇಕಾದಷ್ಟಿವೆ, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಸ್ವಾರಸ್ಯಕರವಾದವು ಅವೇ. ಗ್ಲಾಸ್ಟರ್‌ಷೈರ್ ರೆಜಿಮೆಂಟಿನವರು ಟೋಪಿಯ ಮುಂಭಾಗದಲ್ಲಿ ಧರಿಸುತ್ತಿದ್ದ ಸ್ಫಿಂಕ್ಸಿನ ಇನ್ನೊಂದು ಚಿಕ್ಕ ರೂಪವನ್ನು ಟೋಪಿಯ ಹಿಂಭಾಗದಲ್ಲಿಯೂ ಧರಿಸುತ್ತಿದ್ದರು. 1801ರ ಮಾರ್ಚ್ 21ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿ ಫ್ರೆಂಚರು ಮುಂದಿನಿಂದಲೂ ಹಿಂದಿನಿಂದಲೂ ಏಕಕಾಲದಲ್ಲಿ ಮೇಲೆ ಬಿದ್ದಾಗ, ಹಿಂದಿನ ಸಾಲಿನವರು ನಿಂತಲ್ಲಿಯೇ ಹಿಂದಿರುಗಿ, ಬೆನ್ನಿಗೆ ಬೆನ್ನು ಕೊಟ್ಟು ಹೋರಾಡಿದುದರ ಗುರುತು ಅದು. ಪೆಟ್ಟಿಗೆಯಲ್ಲಿ ಹೆಬ್ಬೆರಳಿನ ಉಗುರಿನಷ್ಟಿರುವ ಸ್ಫಿಂಕ್ಸ್ ಸಿಕ್ಕಿದರೆ ಅದು ಆ ಹಿಂಬದಿಯ ಬಿಲ್ಲೆಯೇ ಎಂದು ಪರಿಶೀಲಿಸತಕ್ಕದ್ದು. ಲೆಸ್ಟರ್‌ಷೈರ್ ರೆಜಿಮೆಂಟಿನ ಹುಲಿಯು 'ಹಿಂದೂಸ್ತಾನ್' ಎಂಬ ಬರಹದೊಡನೆ ನಿಂತಿರುವುದು 1804ರಿಂದ 1823ರವರೆಗೆ ಆ ಪಟಾಲಮು ಭಾರತದಲ್ಲಿದ್ದುದರ ನೆನಪಿಗಾಗಿ. ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿಯ ಬಿಲ್ಲೆಯಲ್ಲಿ ಕಹಳೆಯ ಕೆಳಗೆ ಆನೆಯೂ 'ಅಸಾಯೆ' ಎಂಬ ಹೆಸರೂ ಇರುವುದು 1803ರಲ್ಲಿ ಮರಾಠರೊಡನೆ ನಡೆದ ಯುದ್ಧದ ಸ್ಮರಣೆ. ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಎಂಬ ಐರಿಷ್ ರೆಜಿಮೆಂಟು ಹುಲಿಯೊಂದಿಗೆ ಪ್ಲಾಸಿಯನ್ನೂ ಆನೆಯೊಂದಿಗೆ 'ಮೈಸೂರು' ಎಂಬ ನಮ್ಮ ನಾಡಿನ ಹೆಸರನ್ನೂ ಲಾಂಛನಗಳಲ್ಲಿ ಹೊತ್ತಿತ್ತು. ಕಂಪನಿ ಸರ್ಕಾರದ ಮದರಾಸಿನ ಮತ್ತು ಮುಂಬಯಿಯ ಐರೋಪ್ಯ ಪಡೆಗಳೇ ಅದರ ಮೂಲ. ಟಿಪ್ಪುವಿನ ಶ್ರೀರಂಗಪಟ್ಟಣವನ್ನು ಮುತ್ತಿದವರ ವಿಜಯಪಟ್ಟಿಯ ಒಂದು ಸಾಲು ನೂರು ವರ್ಷಗಳ ಮೇಲೆ ಫ್ರಾನ್ಸಿನ ಕಂದಕಗಳಲ್ಲಿ ಐರಿಷ್ ರೈತನ ಮಗನೊಬ್ಬನ ಮೈಮೇಲೆ ಉಳಿದಿತ್ತೆಂಬುದನ್ನು ಕನ್ನಡಿಗನು ಉದಾಸೀನದಿಂದ ಓದಲಾರನು. ಅಯರ್ಲೆಂಡಿನ ದಕ್ಷಿಣ ಭಾಗವು ಸ್ವತಂತ್ರವಾದಾಗ, 1922ರಲ್ಲಿ, ಆ ರೆಜಿಮೆಂಟನ್ನು ವಿಸರ್ಜಿಸಿದರು. ಆದುದರಿಂದ ಅದರ ಅಸಲಿ ಬಿಲ್ಲೆಯು ಎರಡನೆಯ ಯುದ್ಧದ್ದಾಗಲು ಶಕ್ಯವೇ ಇಲ್ಲ.

ದಳಗಳ ಹುಟ್ಟುಸಾವುಗಳೂ ನಾಮಾಂತರಗಳೂ ಹೀಗೆ ಕಾಲನಿರ್ಣಯಕ್ಕೆ ಒಳ್ಳೆಯ ಆಧಾರಗಳು. ಬಿಲ್ಲೆಯ ಮೇಲೆ ಜಿಲ್ಲೆಯ ಹೆಸರಿಲ್ಲದೆ ಬರಿಯ ಸಂಖ್ಯೆಯಿರುವ ಕಾಲಾಳುಪಡೆಯ ಲಾಂಛನವು ಸಾಮಾನ್ಯವಾಗಿ 1881ಕ್ಕಿಂತ ಹಿಂದಿನದು, ಏಕೆಂದರೆ ಆ ವರ್ಷದ ಸುಧಾರಣೆಯಲ್ಲಿ ಸಂಖ್ಯೆಗಳನ್ನು ಬಿಟ್ಟು ಪ್ರಾಂತಗಳ ಹೆಸರುಗಳನ್ನು ಕೊಟ್ಟರು. ಅಡ್ಡಲಾಗಿಟ್ಟ ಎರಡು ಮೆಷಿನ್‌ಗನ್ನುಗಳುಳ್ಳ ಬಿಲ್ಲೆ 1915ರಲ್ಲಿ ಹುಟ್ಟಿ 1922ರಲ್ಲಿ ಮುಗಿದುಹೋದ ಮೆಷಿನ್‌ಗನ್ ಕೋರಿನದು. ಸರಬರಾಜು ದಳಕ್ಕೆ 'ರಾಯಲ್' ಎಂಬ ವಿಶೇಷಣವು 1918ರಲ್ಲಿ ದೊರೆಯಿತಾದ್ದರಿಂದ ಆ ಮಾತಿಲ್ಲದ ಬಿಲ್ಲೆ ಮೊದಲನೆಯ ಯುದ್ಧಕ್ಕೋ ಅದಕ್ಕೂ ಹಿಂದಿನ ಕಾಲಕ್ಕೋ ಸೇರುತ್ತದೆ. ರೆಕ್ಕೆಯ ಪಾದಗಳ ಮರ್ಕ್ಯುರಿ ದೇವತೆಯುಳ್ಳ ಸಿಗ್ನಲ್ಸ್ ದಳ 1920ರದು. ಯಂತ್ರಗಳ ದುರಸ್ತಿಯ ದಳವಾದ ರೀಮೆ 1942ರದು. ಫಿರಂಗಿಯ ಚಿತ್ರದ ಮೇಲೆ 'ಉಬಿಕ್ವೆ' ಎಂಬ ಲ್ಯಾಟಿನ್ ಪದವಿದ್ದರೆ ಅದು ರಾಯಲ್ ಆರ್ಟಿಲರಿ. ಎರಡು ಯುದ್ಧಗಳಲ್ಲಿಯೂ ಆ ದಳದಲ್ಲಿದ್ದವರ ಸಂಖ್ಯೆ ಅಪಾರವಾದುದರಿಂದ ಅದರ ಬಿಲ್ಲೆ ಎಲ್ಲಕ್ಕಿಂತ ಸುಲಭವಾಗಿ ಸಿಕ್ಕುವಂಥದು.

ಇನ್ನು ಲೋಹದ ವಿಚಾರ. ಸಾಮಾನ್ಯ ಸಿಪಾಯಿಯ ಬಿಲ್ಲೆ ತಾಮ್ರ ಸತುಗಳ ಮಿಶ್ರಲೋಹದಲ್ಲಿಯೋ, ಬೆಳ್ಳಿಯಂತೆ ಕಾಣುವ ಬಿಳಿಲೋಹದಲ್ಲಿಯೋ, ಎರಡನ್ನೂ ಬೆಸೆದೋ ತಯಾರಾಗುತ್ತಿತ್ತು. ಅಧಿಕಾರಿಗಳ ನಿತ್ಯದ ಉಡುಪಿನ ಬಿಲ್ಲೆಗೆ ಕಂದುಬಣ್ಣದ ಕಂಚಿನ ಲೇಪವಿರುತ್ತಿತ್ತು. 1916ರಲ್ಲಿ ಲೋಹವೂ ಶ್ರಮವೂ ದುರ್ಲಭವಾದಾಗ ಎರಡು ಲೋಹಗಳ ಬಿಲ್ಲೆಗಳನ್ನು ಬರಿಯ ಹಿತ್ತಾಳೆಯಲ್ಲಿಯೇ ಒತ್ತಿದರು. ಎರಡನೆಯ ಯುದ್ಧದ ನಡುವೆ, 1942ರ ಸುಮಾರಿಗೆ, ಹಿತ್ತಾಳೆಯೆಲ್ಲ ಮದ್ದುಗುಂಡುಗಳ ಕವಚಗಳಿಗೇ ಬೇಕಾಗಿ ಬಂದುದರಿಂದ ಅನೇಕ ರೆಜಿಮೆಂಟುಗಳ ಬಿಲ್ಲೆಗಳನ್ನು ಕಂದು ಅಥವಾ ಬೂದು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಮಾಡಿದರು. ಈ ಪ್ಲಾಸ್ಟಿಕ್ ಬಿಲ್ಲೆಗಳನ್ನು ಮಕ್ಕಳ ಆಟಿಕೆಯೆಂದು ಎಸೆದುಬಿಟ್ಟ ಮನೆಗಳು ಎಷ್ಟೋ. ವಾಸ್ತವವಾಗಿ ಅವುಗಳಷ್ಟು ನಿಶ್ಚಿತವಾಗಿ ಆ ಯುದ್ಧದ ವರ್ಷಗಳಿಗೆ ಸೇರಿದ ವಸ್ತು ಬೇರೊಂದಿಲ್ಲ. ಬಂಗಾರದ ನೀರು ಹೊಯ್ದಂತೆ ಹೊಳೆಯುವ, ಕೈಯಲ್ಲಿ ಹಿಡಿದರೆ ತೂಕವೇ ಇಲ್ಲವೆನಿಸುವ ಅಲ್ಯೂಮಿನಿಯಂ ಬಿಲ್ಲೆಗಳಾದರೋ 1950ರ ದಶಕದಿಂದ ಈಚಿನವು.

ಬಿಲ್ಲೆಯನ್ನು ತಿರುಗಿಸಿ ನೋಡುವ ಅಭ್ಯಾಸವು ಬಹಳ ಜನರಿಗಿಲ್ಲ. ಅನುಭವಿಯಾದರೆ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ಹೊತ್ತು ನೋಡುತ್ತಾನೆ. ಟೋಪಿಯ ಬಟ್ಟೆಯ ಸೀಳಿನೊಳಗೆ ತೂರಿಸಲು ಉದ್ದನೆಯ ಪಟ್ಟಿಯೊಂದು ಬೆಸೆದಿರಬಹುದು, ಅದನ್ನು ಸ್ಲೈಡರ್ ಎನ್ನುವರು. ಅಥವಾ ಕಡ್ಡಿ ತೂರಿಸಲು ತಂತಿಯ ಎರಡು ಕುಣಿಕೆಗಳಿರಬಹುದು. ಹಲವು ವರ್ಷ ಧರಿಸಿದ ಬಿಲ್ಲೆಯಲ್ಲಿ ಮುಖದ ಉಬ್ಬುಗಳು ನಿತ್ಯದ ಉಜ್ಜುವಿಕೆಯಿಂದ ಸವೆದು, ಸ್ಲೈಡರಿನ ಅಂಚುಗಳು ನುಣುಪಾಗಿ, ಮೂಲೆಮೂಲೆಗಳಲ್ಲಿ ಪಾಲಿಷಿನ ಬಿಳಿಯ ಕಿಟ್ಟ ಗಟ್ಟಿಯಾಗಿರುತ್ತದೆ. ಹಿಂಬದಿಯಲ್ಲಿ ಬರ್ಮಿಂಗ್‌ಹ್ಯಾಮಿನ ಅಥವಾ ಲಂಡನ್ನಿನ ತಯಾರಕನ ಹೆಸರಿರುವುದೂ ಉಂಟು. ಗಾಂಟ್ ಮತ್ತು ಫರ್ಮಿನ್ ಅಂಥ ಪ್ರಸಿದ್ಧ ಹೆಸರುಗಳು. ಸಮವಸ್ತ್ರದ ಗುಂಡಿಗಳಲ್ಲಿಯಂತೂ ಈ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬಟ್ಟೆಯ ಲಾಂಛನಗಳ ಲೋಕವೇ ಬೇರೆ. ಟೋಪಿಯ ಬಿಲ್ಲೆ ರೆಜಿಮೆಂಟಿನ ಕುಲಗೌರವವನ್ನು ಸಾರಿದರೆ, ತೋಳಿನ ಮೇಲಿನ ಡಿವಿಜನ್ನಿನ ಚಿಹ್ನೆಯು ತನ್ನವರಿಗೆ ಗುರುತಾಗಬೇಕು, ಶತ್ರುವಿಗೆ ಒಗಟಾಗಬೇಕು ಎಂಬ ಉದ್ದೇಶದಿಂದ ಅಕ್ಷರಗಳನ್ನು ಬಿಟ್ಟು ಚಿತ್ರಗಳನ್ನು ಹಿಡಿಯಿತು. ಕೆಂಪು ಮರಳಿಲಿಯು ಆಫ್ರಿಕದ ಮರುಭೂಮಿಯಲ್ಲಿ ಹೋರಾಡಿದ ಏಳನೆಯ ಆರ್ಮರ್ಡ್ ಡಿವಿಜನ್ನಿನದು. ಕಡುಗೆಂಪಿನ ಮೇಲೆ ತಿಳಿನೀಲಿಯ ರೆಕ್ಕೆಗುದುರೆ ವಿಮಾನದಿಂದ ಇಳಿಯುವ ಪಡೆಗಳದು. ಭಾರತೀಯ ಡಿವಿಜನ್ನುಗಳ ಚಿಹ್ನೆಗಳಲ್ಲಿ ನಾಲ್ಕನೆಯದಕ್ಕೆ ಕೆಂಪು ಗರುಡ, ಐದನೆಯದಕ್ಕೆ ಕರಿಯ ಹಿನ್ನೆಲೆಯಲ್ಲಿ ಕೆಂಪು ಚೆಂಡು, ಏಳನೆಯದಕ್ಕೆ ಬಂಗಾರದ ಬಾಣ, ಹದಿನೇಳನೆಯದಕ್ಕೆ ಕರಿಬೆಕ್ಕು, ಹತ್ತೊಂಬತ್ತನೆಯದಕ್ಕೆ ಕಠಾರಿ ಹಿಡಿದ ಕೈ, ಇಪ್ಪತ್ತಮೂರನೆಯದಕ್ಕೆ ಜಗಳಕ್ಕೆ ನಿಂತ ಕೆಂಪು ಹುಂಜ. 1944ರಲ್ಲಿ ಕೊಹಿಮಾದಲ್ಲಿ ಕಾದಿದ ಬ್ರಿಟಿಷ್ ಎರಡನೆಯ ಡಿವಿಜನ್ನಿಗೆ ಕರಿಯ ಬಟ್ಟೆಯ ಮೇಲೆ ಬಿಳಿಯ ಎರಡು ಬೀಗದ ಕೈಗಳು. ಇವರೆಲ್ಲರಲ್ಲಿ ಬರ್ಮಾ ರಂಗದಲ್ಲಿದ್ದವರ ಮೇಲೆ ನಾಯಕನಾಗಿದ್ದ ಜನರಲ್ ಸ್ಲಿಮ್‌ನ ಹದಿನಾಲ್ಕನೆಯ ಸೈನ್ಯದ ಕೆಂಪು-ಕಪ್ಪು ಗುರಾಣಿಯಲ್ಲಿ ಖಡ್ಗವು ಮೊನೆ ಕೆಳಗಾಗಿ ನಿಂತಿದೆ. ಲಾಂಛನಶಾಸ್ತ್ರದ ರೂಢಿಗೆ ಇದು ವಿರುದ್ಧವಾದರೂ, ಬರ್ಮಾವನ್ನು ಉತ್ತರದಿಂದ ದಕ್ಷಿಣಕ್ಕೆ ಇಳಿದು ಗೆಲ್ಲಬೇಕಾಗಿದ್ದುದರಿಂದ ಹಾಗೆ ಚಿತ್ರಿಸಲಾಯಿತೆಂದು ಹೇಳುವರು.

ಈ ತೋಳಿನ ಚಿಹ್ನೆಗಳಲ್ಲಿ ಮಾಡಿದ ಕೈಯನ್ನು ನೋಡಬೇಕು. ಇಂಗ್ಲೆಂಡಿನ ಕಾರ್ಖಾನೆಯವು ಯಂತ್ರದ ಕಸೂತಿಯವು, ಅಥವಾ ಮಿತವ್ಯಯದ ವರ್ಷಗಳಲ್ಲಿ ಬಟ್ಟೆಯ ಮೇಲೆ ಬಣ್ಣದಲ್ಲಿ ಅಚ್ಚು ಹಾಕಿದವು. ಭಾರತ, ಈಜಿಪ್ಟ್, ಇಟಲಿಗಳಲ್ಲಿದ್ದ ಪಡೆಗಳು ಅಲ್ಲಲ್ಲಿಯ ಪೇಟೆಯ ದರ್ಜಿಗಳಿಂದ ತಮ್ಮ ಚಿಹ್ನೆಗಳನ್ನು ಹೊಲಿಸಿಕೊಂಡವು. ಸರಪಣಿ ಹೊಲಿಗೆ, ಕೈಯಿಂದ ಕತ್ತರಿಸಿ ಕೂಡಿಸಿದ ಬನಾತಿನ ತುಂಡು, ಬೆಳ್ಳಿತಂತಿಯ ಜರಿ ಮೊದಲಾದವು ಆ ಕೆಲಸದ ಗುರುತುಗಳು. ಗರುಡನ ಕೊಕ್ಕು ಕೊಂಚ ಸೊಟ್ಟಗಿದೆ, ಒಂದು ಬಿಲ್ಲೆಯಂತೆ ಇನ್ನೊಂದಿಲ್ಲ ಎಂದು ಅದನ್ನು ನಕಲಿಯೆಂದು ತಳ್ಳಿಹಾಕುವುದು ಅವಿವೇಕ. ಹೆಸರಿಲ್ಲದ ದಂಡುಪೇಟೆಯ ದರ್ಜಿಯೊಬ್ಬನ ಸೂಜಿಯ ಕೆಲಸವು ಆ ವಸ್ತು ನಿಜವಾಗಿ ಯುದ್ಧರಂಗದ ಆಚೀಚೆ ಇದ್ದುದೆಂಬುದಕ್ಕೆ ಕಾರ್ಖಾನೆಯ ಅಚ್ಚುಕಟ್ಟಿಗಿಂತ ಬಲವಾದ ಪುರಾವೆ.

ದರ್ಜೆಯ ಗುರುತುಗಳನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಹೆಗಲ ಮೇಲೆ ಒಂದು ನಕ್ಷತ್ರ ಸೆಕೆಂಡ್ ಲೆಫ್ಟಿನೆಂಟನಿಗೆ, ಎರಡು ಲೆಫ್ಟಿನೆಂಟನಿಗೆ, ಮೂರು ಕ್ಯಾಪ್ಟನನಿಗೆ, ಕಿರೀಟ ಮೇಜರನಿಗೆ, ಕಿರೀಟದೊಡನೆ ಒಂದು ನಕ್ಷತ್ರ ಲೆಫ್ಟಿನೆಂಟ್ ಕರ್ನಲನಿಗೆ. ಖಡ್ಗವೂ ದಂಡವೂ ಅಡ್ಡಲಾಗಿ ಕಂಡರೆ ಜನರಲ್ ದರ್ಜೆ. ಆದರೆ ಭಾರತೀಯ ಸೇನೆಯಲ್ಲಿ ಜಮಾದಾರನಿಗೂ ಒಂದು ನಕ್ಷತ್ರ, ಸುಬೇದಾರನಿಗೂ ಎರಡು ನಕ್ಷತ್ರಗಳಿದ್ದುವೆಂಬುದನ್ನು ಮರೆತರೆ ಮನೆಯವರು ಸುಬೇದಾರರಾಗಿದ್ದ ಹಿರಿಯರನ್ನು ಲೆಫ್ಟಿನೆಂಟರೆಂದು ಬರೆದುಕೊಳ್ಳುವ ಅಪಾಯವುಂಟು. ತೋಳಿನ ಪಟ್ಟಿಗಳ ಮೊನೆ ಬ್ರಿಟಿಷರಲ್ಲಿ ಕೆಳಕ್ಕೆ, ಅಮೆರಿಕದವರಲ್ಲಿ ಮೇಲಕ್ಕೆ. ಬ್ರಿಟಿಷ್ ಅಂಗಿಯ ಮುಂಗೈಯಲ್ಲಿ ಮೊನೆ ಮೇಲಾದ ಚಿಕ್ಕ ಪಟ್ಟಿಗಳಿದ್ದರೆ ಅವು ದರ್ಜೆಯವಲ್ಲ: ಬಲಗೈಯವು ಸಮುದ್ರದಾಚೆಯ ಅಥವಾ ಯುದ್ಧಕಾಲದ ಸೇವೆಯ ವರ್ಷಗಳನ್ನೂ, ಎಡಗೈಯವು ಸನ್ನಡತೆಯನ್ನೂ ಸೂಚಿಸುವುವು. ಎಡ ಮುಂಗೈಯಲ್ಲಿ ನೆಟ್ಟಗೆ ನಿಂತ ಬಂಗಾರಬಣ್ಣದ ಗೆರೆಯೊಂದಿದ್ದರೆ ಧರಿಸಿದವನು ಗಾಯಗೊಂಡಿದ್ದನೆಂದು ತಿಳಿಯಬೇಕು. ಈ ಗುರುತನ್ನು 1916ರಲ್ಲಿ ಜಾರಿಗೆ ತಂದರು. ನೌಕಾಪಡೆಯ ಟೋಪಿಯ ರೇಷ್ಮೆಪಟ್ಟಿಯ ಬಗೆಗೆ ಒಂದೇ ಮಾತು: ಎರಡನೆಯ ಯುದ್ಧದಲ್ಲಿ ಗೋಪ್ಯಕ್ಕಾಗಿ ಹಡಗಿನ ಹೆಸರನ್ನು ಬಿಟ್ಟು ಎಚ್.ಎಂ.ಎಸ್. ಎಂಬ ಅಕ್ಷರಗಳನ್ನಷ್ಟೇ ನೇಯಿಸುತ್ತಿದ್ದರು. ಹಡಗಿನ ಹೆಸರುಳ್ಳ ಪಟ್ಟಿ ಸಾಮಾನ್ಯವಾಗಿ ಆ ಯುದ್ಧದ ಕಾಲದ್ದಲ್ಲ.

ನಕಲಿಗಳ ಹಾವಳಿ ಈ ಕ್ಷೇತ್ರದಲ್ಲಿ ಅಷ್ಟಿಷ್ಟಲ್ಲ. ಹಳೆಯ ಅಚ್ಚುಗಳಿಂದಲೇ ಹೊಸದಾಗಿ ಒತ್ತಿದ ಬಿಲ್ಲೆಗಳೂ, ಅಸಲಿ ಬಿಲ್ಲೆಯ ಪಡಿಯಚ್ಚನ್ನು ತೆಗೆದು ಎರಕ ಹೊಯ್ದವುಗಳೂ ಪೇಟೆಯಲ್ಲಿವೆ. ಎರಕದವು ಅಸಲಿಗಿಂತ ತುಸು ಕುಗ್ಗಿದ್ದು, ಮೈಮೇಲೆ ಸೂಕ್ಷ್ಮವಾದ ಗುಳಿಗಳನ್ನು ಹೊಂದಿರುತ್ತವೆ. ಪ್ಯಾರಾಷೂಟ್ ಪಡೆಯವು, ಮರುಭೂಮಿಯ ವಿಶೇಷದಳಗಳವು ಹೆಚ್ಚಿನ ಬೆಲೆಗೆ ಹೋಗುವುದರಿಂದ ಅವುಗಳಲ್ಲಿ ನಕಲಿಯೂ ಹೆಚ್ಚು. ಮನೆಯ ಪೆಟ್ಟಿಗೆಯಲ್ಲಿಯೇ ದಶಕಗಳಿಂದ ಇದ್ದ ಬಿಲ್ಲೆಗೆ ಈ ಭಯವಿಲ್ಲ. ಅದರ ವಂಶಾವಳಿಯೇ ಅದರ ರಕ್ಷೆ. ಕಿಪ್ಲಿಂಗ್ ಮತ್ತು ಕಿಂಗ್ ಎಂಬ ಇಬ್ಬರು ಸೇರಿ ರಚಿಸಿದ ಟೋಪಿಯ ಬಿಲ್ಲೆಗಳ ಕೋಶವು ಈ ವಿದ್ಯೆಗೆ ಪ್ರಮಾಣಗ್ರಂಥ. ವ್ಯಾಪಾರಿಗಳೂ ಸಂಗ್ರಾಹಕರೂ ಅದರ ಕ್ರಮಸಂಖ್ಯೆಗಳಿಂದಲೇ ಬಿಲ್ಲೆಗಳನ್ನು ಹೆಸರಿಸುವರು.

ಬಿಲ್ಲೆಯಿಂದ ಮನುಷ್ಯನ ಕಡೆಗೆ ಹೋಗುವ ದಾರಿ ಹಾಗಾದರೆ ಇಲ್ಲವೆ? ಇದೆ, ಆದರೆ ಅದು ಬಿಲ್ಲೆಯ ಪಕ್ಕದಲ್ಲಿರುವ ವಸ್ತುಗಳ ಮೂಲಕ ಹೋಗುತ್ತದೆ. ಮೊದಲನೆಯ ಯುದ್ಧದ ಬ್ರಿಟಿಷ್ ಪದಕಗಳ ಅಂಚಿನಲ್ಲಿ ಸಿಪಾಯಿಯ ಸಂಖ್ಯೆ, ದರ್ಜೆ, ಹೆಸರು, ದಳ ಇಷ್ಟನ್ನೂ ಕೊರೆದಿರುತ್ತಾರೆ. ಎರಡನೆಯ ಯುದ್ಧದಲ್ಲಿ ಬ್ರಿಟನ್ನಿನವರಿಗೆ ಕೊಟ್ಟ ಪದಕಗಳು ಹೆಸರಿಲ್ಲದವಾದರೂ ಭಾರತೀಯರಿಗೆ ಕೊಟ್ಟವುಗಳ ಮೇಲೆ ಹೆಸರು ಕಾಣಸಿಗುತ್ತದೆ. ಆದುದರಿಂದ ಭೂತಗನ್ನಡಿಯನ್ನು ಹಿಡಿದು ಅಂಚನ್ನು ಪರೀಕ್ಷಿಸತಕ್ಕದ್ದು. ಹೆಸರು ಸಿಕ್ಕಿದ ಮೇಲೆ ದಾಖಲೆಗಳು. ಮೊದಲನೆಯ ಯುದ್ಧದ ಬ್ರಿಟಿಷ್ ಸಿಪಾಯಿಗಳ ಸೇವಾದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಜರ್ಮನ್ ಬಾಂಬುದಾಳಿಯಲ್ಲಿ ಲಂಡನ್ನಿನಲ್ಲಿ ಸುಟ್ಟುಹೋದವು. ಉಳಿದವು ಕ್ಯೂ ಎಂಬಲ್ಲಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ. ದಾಖಲೆಯೇ ಭಸ್ಮವಾದವನ ಪಾಲಿಗೆ ಒಂದು ಪದಕದ ಅಂಚೇ ಏಕೈಕ ಲಿಖಿತ ಸಾಕ್ಷಿಯಾಗಿ ನಿಂತ ಸಂದರ್ಭಗಳೂ ಇರುವುದರಿಂದ, ಪದಕವನ್ನು ಬೆಳ್ಳಿಯ ಬೆಲೆಗೆ ಕರಗಿಸಲು ಕೊಡುವವರನ್ನು ಕಂಡರೆ ನನಗೆ ನಿಜವಾದ ವ್ಯಥೆಯಾಗುತ್ತದೆ.

ನಮ್ಮ ನಾಡಿನಲ್ಲಿ ಇಂತಹ ವಸ್ತುಗಳು ಉಳಿದಿರಲು ಸಕಾರಣಗಳಿವೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಹಿಡಿದ ಅಶ್ವದಳದಲ್ಲಿ ಜೋಧಪುರದವರ ಜತೆಯಲ್ಲಿ ಮೈಸೂರು ಲ್ಯಾನ್ಸರ್ಸ್ ಇದ್ದರು, ಮತ್ತು ಅವರ ಲಾಂಛನ ಗಂಡಭೇರುಂಡ. ಬ್ರಿಟಿಷ್ ಬಿಲ್ಲೆಗಳ ರಾಶಿಯ ನಡುವೆ ಎರಡು ತಲೆಯ ಪಕ್ಷಿಯೊಂದು ಕಂಡರೆ ಅದನ್ನು ವಿದೇಶದ ಯಾವುದೋ ಗರುಡನೆಂದು ಬದಿಗಿಡಬಾರದು. ಎರಡನೆಯ ಯುದ್ಧದಲ್ಲಿ ಕೊಡಗಿನ ತಿಮ್ಮಯ್ಯನವರು ಅರಕಾನಿನಲ್ಲಿ ಬ್ರಿಗೇಡೊಂದನ್ನು ನಡೆಸಿದರು. ಮಡಿಕೇರಿಯ ಅವರ ಮನೆ ಈಗ ವಸ್ತುಸಂಗ್ರಹಾಲಯವಾಗಿದೆ. ಸಾಮಾನ್ಯ ಸಿಪಾಯಿಯಾಗಿ ಹೋಗಿಬಂದವರ ಟ್ರಂಕುಗಳಿಗೆ ಮಾತ್ರ ಅಂಥ ಆಶ್ರಯ ದೊರೆತಿಲ್ಲ.

ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮನೆಯಲ್ಲಿ ಇಂತಹ ಬಿಲ್ಲೆ ಇದ್ದರೆ ಅದನ್ನು ಹುಣಿಸೆಹಣ್ಣಿನಿಂದಲೂ ಪಾಲಿಷಿನಿಂದಲೂ ತಿಕ್ಕಬೇಡಿ. ತಿಕ್ಕಿದಷ್ಟೂ ಅದರ ಅಕ್ಷರ ಸವೆಯುತ್ತದೆ, ಕಾಲದ ಬಣ್ಣ ಹೋದರೆ ಮತ್ತೆ ಬಾರದು. ಬಟ್ಟೆಯ ಚಿಹ್ನೆಗಳನ್ನು ಒಗೆಯಬೇಡಿ. ತೇವವಿಲ್ಲದ ಜಾಗದಲ್ಲಿ, ಶುಭ್ರವಾದ ಹತ್ತಿಯ ಬಟ್ಟೆಯಲ್ಲಿ ಬೇರೆಬೇರೆಯಾಗಿ ಸುತ್ತಿಡಿ. ಒಂದೇ ಡಬ್ಬಿಯಲ್ಲಿ ಸಿಕ್ಕಿದ ವಸ್ತುಗಳನ್ನು ಹಂಚಿಕೊಳ್ಳುವ ಮುನ್ನ ಒಟ್ಟಾಗಿಟ್ಟು, ಎರಡು ಮಗ್ಗುಲುಗಳೂ ಕಾಣುವಂತೆ ಚಿತ್ರ ತೆಗೆದಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಯಾರಿಂದ ಬಂತು, ಯಾವ ಊರಿನಿಂದ ಬಂತು, ಕೊಟ್ಟವರು ಏನು ಹೇಳಿದ್ದರು ಎಂಬುದನ್ನು ಬಲ್ಲ ಹಿರಿಯರು ಮನೆಯಲ್ಲಿ ಇನ್ನೂ ಇದ್ದರೆ, ಅವರು ಹೇಳಿದುದನ್ನು ಹೇಳಿದಂತೆಯೇ, ದಿನಾಂಕ ಹಾಕಿ, ಒಂದು ಚೀಟಿಯಲ್ಲಿ ಬರೆದು ಬಿಲ್ಲೆಯೊಡನೆ ಇಡಿ. ಪಟಾಲಮಿನ ಹೆಸರನ್ನು ಯಾವ ಕೋಶದಿಂದಲಾದರೂ ನಾಳೆ ತಿಳಿಯಬಹುದು. ಆ ಚೀಟಿಯನ್ನು ಇಂದೇ ಬರೆಯಬೇಕು.